ಕತ್ತಿಯ ಬೆಳ್ಳಗಿನ ಬದಿ

ಗುಡ್ಡದ ಮನೆ, ಪೊಲ್‌ವೆನ್ನಾ,
ಕಾರ್ನ್‌ವಾಲ್
ಭಾನುವಾರ, ಅಕ್ಟೋಬರ್ ೭, ೧೯೫೧

ಪ್ರೀತಿಯ ಪಿಯರ್ಸ್,

ಹೇಗಿದ್ದೀಯಪ್ಪಾ? ಕೊರಿಯಾದ ಕಡಲಲ್ಲಿ ಈಗಲೇ ಚಳಿ ಬಿದ್ದಿದೆಯೆಂದು ಪೇಪರಿನಲ್ಲಿ ಓದಿದೆ. ಒಳಗೆ ಉಣ್ಣೆಯದೇನಾದರೂ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ನಿನ್ನ ನಾವಿಕರೆದುರು ಶೂರನೆನಿಸಿಕೊಳ್ಳಲು ಬರಿ ಅಂಗಿಯಲ್ಲಿ ನಿಂತಿರುತ್ತೀಯೋ? ಎಡಗಿವಿಯ ನೋವು ಕಡಿಮೆಯಾಯಿತೇ? ತೋಪು ಹಾರಿಸುವಾಗ ಕಿವಿಗೆ ಹತ್ತಿ ಇಟ್ಟುಕೋ. ನಾನು ನಿನ್ನ ವಯಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ, ಅದಕ್ಕೇ ಈಗ ನಿನ್ನ ಹಾನರ್ ಊಟಕ್ಕೆ ಕರೆದರೆ ಮೂರನೆಯ ಕೂಗಿಗೆ ಕೇಳಿಸುತ್ತದೆ. ಅವಳು ಅದನ್ನು ನನ್ನ ಹಟಮಾರಿತನವೆಂದು ತಿಳಿದಿದ್ದಾಳೆ. ಅರ್ಧ ನಿಜವೂ ಹೌದು. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಬಲ ಮಂಡಿ ಮಾತ್ರ ಮೋಡ ಕಟ್ಟುವ ಮೊದಲೇ ಹವಾಮಾನದ ವರದಿ ಕೊಡುತ್ತದೆ, ರೇಡಿಯೋದವರಿಗಿಂತ ವಾಸಿ.

ಮಗಳ ಮದುವೆಯ ವಿಷಯ ನಿನ್ನ ಹೆಂಡತಿ ಆಗಲೇ ಬರೆದಿದ್ದಾಳೆ. ಕೆರೆನ್ಸಾಳ ಉಡುಪು, ಹೂವು, ಚರ್ಚಿನಲ್ಲಿ ಯಾರು ಯಾರು ಅತ್ತರು, ಪಾದ್ರಿ ಎಷ್ಟು ಸಲ ತೊದಲಿದರು, ಎಲ್ಲ ಸೇರಿ ಹನ್ನೊಂದು ಪುಟ. ಮಗಳ ಕೈಹಿಡಿದು ಒಳಗೆ ಕರೆದೊಯ್ಯಲು ಅಪ್ಪನಿಲ್ಲವಲ್ಲ ಎಂದು ನನ್ನನ್ನು ನಿಲ್ಲಿಸಿದ್ದರು. ಮಂಡಿ ಕೈಕೊಡಲಿಲ್ಲ. ನಿನ್ನ ಮಗಳೇ ನನ್ನನ್ನು ಕರೆದೊಯ್ದಳೆಂದು ಹಾನರ್ ಬರೆದಿದ್ದರೆ ನಂಬಬೇಡ. ಆದರೆ ಕತ್ತಿಯ ಬಗ್ಗೆ ಅವಳು ಒಂದು ಸಾಲೂ ಬರೆದಿಲ್ಲ. "ಅದನ್ನ ನೀವೇ ಬರೀರಿ ಮಾವಾ, ಅದು ನಿಮ್ಮ ಮನೇದು," ಎಂದು ಶಾಯಿಯ ಬಾಟಲಿಯನ್ನು ನನ್ನ ಮುಂದೆ ತಂದಿಟ್ಟು ಹೋಗಿ ಮೂರು ದಿನವಾಯಿತು. ಮೂರು ದಿನವೂ ಶಾಯಿಯನ್ನು ನೋಡುತ್ತ ಕೂತಿದ್ದೆ.

ಡೆವನ್‌ಪೋರ್ಟಿನಲ್ಲಿ ಹಡಗು ಹತ್ತುವ ದಿನ ನೀನು ನನಗೆ ಎರಡು ಆಜ್ಞೆ ಕೊಟ್ಟಿದ್ದೆ, ನೆನಪಿದೆಯಲ್ಲ? "ಅಪ್ಪಾ, ಕೆರೆನ್ಸಾ ಕೇಕು ನಮ್ಮ ಕತ್ತೀಲೇ ಕತ್ತರಿಸ್ಬೇಕು. ನಾನ್ ಬರೋ ಹೊತ್ತಿಗೆ ಕತ್ತಿ ಅದರ ಕೊಕ್ಕೇಲಿರ್ಬೇಕು." ಆಗಲಿ ಎಂದು ಸಲಾಮು ಹೊಡೆದಿದ್ದೆ. ಮೊದಲನೆಯದನ್ನು ನಡೆಸಿಕೊಟ್ಟಿದ್ದೇನೆ. ಎರಡನೆಯದರ ಬಗ್ಗೆಯೇ ಈ ಕಾಗದ.

ನಾನೀಗ ಬರೆಯುತ್ತಿರುವ ಮೇಜಿನ ಎದುರಿಗೇ, ಒಲೆಯ ಮೇಲಿನ ಗೋಡೆಯಲ್ಲಿ ಅದು ತೂಗುತ್ತಿದೆ. ದಂತದ ಹಿಡಿ, ಸಿಂಹದ ತಲೆ, ನೀಲಿ ಅಲಗಿನ ಮೇಲೆ ಚಿನ್ನದ ನೀರಿನಲ್ಲಿ ಬರೆದ ಅಕ್ಷರಗಳು: 'ಫ್ರೆಂಚರ ಕೊಳ್ಳೆ ಹಡಗನ್ನು ಹಿಡಿದ ಲೆಫ್ಟಿನೆಂಟ್ ಮೈಲ್ಸ್ ಕಾರ್ಲಿಯನ್ ಅವರಿಗೆ ಪೊಲ್‌ವೆನ್ನಾದ ಬೂತಾಯಿ ಮೀನಿನ ವರ್ತಕರು ಕೊಟ್ಟ ಕೃತಜ್ಞತೆಯ ಕಾಣಿಕೆ, ೧೮೦೬.' ಬಣ್ಣದ ಬದಿ ಕೋಣೆಯ ಕಡೆಗೆ, ಬೆಳ್ಳಗಿನ ಬದಿ ಗೋಡೆಯ ಕಡೆಗೆ. ಬಣ್ಣದ ಬದಿಯನ್ನು ಬಟ್ಟೆಯಿಂದ ಸುಮ್ಮನೆ ಸವರಬೇಕು, ಬೆಳ್ಳಗಿನ ಬದಿಯನ್ನು ಇಟ್ಟಿಗೆ ಪುಡಿ ಹಾಕಿ ಮುಖ ಕಾಣುವ ತನಕ ಉಜ್ಜಬೇಕು, ಅದೂ ಪ್ರತಿವರ್ಷ ಟ್ರಫಾಲ್ಗರ್ ವಿಜಯದ ದಿನಕ್ಕೆ ಎರಡು ವಾರ ಮೊದಲಿನ ಭಾನುವಾರ. ನನ್ನ ತಾತ ನನಗೆ ಹೇಳಿಕೊಟ್ಟದ್ದು, ನಾನು ನಿನಗೆ ಹೇಳಿಕೊಟ್ಟದ್ದು. ಆ ಭಾನುವಾರ ಇವತ್ತೇ. ಇಟ್ಟಿಗೆ ಪುಡಿಯ ಡಬ್ಬಿಯನ್ನು ನಾನಿನ್ನೂ ಕೆಳಗಿಳಿಸಿಲ್ಲ.

ನಿನ್ನ ಮಗಳನ್ನು ನಾನು ಬೈಯುವುದಿಲ್ಲ, ಆದರೂ ಇಡೀ ಕಾರ್ನ್‌ವಾಲಿನಲ್ಲಿ ಬೇರೆ ಹುಡುಗರೇ ಇಲ್ಲವೆಂಬಂತೆ ಯೂರೆನ್ ಮನೆಯವನನ್ನೇ ಹುಡುಕಿಕೊಂಡಳಲ್ಲ! ಜೇಗೊ ಒಳ್ಳೆಯ ಹುಡುಗ, ದೋಣಿ ಕಟ್ಟುವ ಕೈ ಅವನದು, ನನಗವನ ಮೇಲೆ ಒಂದು ದೂರೂ ಇಲ್ಲ. ತಂದೆತಾಯಿ ಇಲ್ಲದ ಅವನನ್ನು ಸಾಕಿದ ಅಜ್ಜಿ ಇದ್ದಾಳಲ್ಲ, ಥಾಮಸೀನ್ ಯೂರೆನ್, ಅವಳನ್ನು ನೆನೆದರೇ ನನ್ನ ಮಂಡಿ ನೋಯುತ್ತದೆ. ಬಂದರಿನಲ್ಲಿ ಅಂಚೆಯವನಿಂದ ಹಿಡಿದು ಪಾದ್ರಿಯ ತನಕ, ಮೀನು ಕದಿಯುವ ಬೆಕ್ಕೂ ಸೇರಿ, ಎಲ್ಲರೂ ಅವಳ ಬಾಯಲ್ಲಿ "ನನ್ ರಾಜಾ". ನಾನೊಬ್ಬ ಮಾತ್ರ "ಕಮಾಂಡರ್". ಎಪ್ಪತ್ತು ವರ್ಷದಿಂದ ಒಂದೇ ಊರಿನಲ್ಲಿದ್ದೇವೆ, ಒಂದೇ ಚರ್ಚಿನಲ್ಲಿ ಹಾಡುತ್ತೇವೆ. ಈಚಿನ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿನಲ್ಲಿ ಮೇಲುಗಡೆ ನಿನ್ನ ತಮ್ಮ ಟೋಬಿ ಇದ್ದಾನೆ, ಕೆಳಗಡೆ ಅವಳ ಮಗ, ಜೇಗೊನ ಅಪ್ಪ, ಇದ್ದಾನೆ. ಆ ಕಲ್ಲನ್ನು ನಿಲ್ಲಿಸಿದ ದಿನ ಅವಳು ನನ್ನ ಪಕ್ಕದಲ್ಲೇ ನಿಂತು, "ಇಲ್ಲೂ ನೀವೇ ಮೊದಲು," ಎಂದಿದ್ದಳು. ಕಣ್ಣಲ್ಲಿ ನೀರಿತ್ತು, ಆದರೂ ಅನ್ನದೆ ಬಿಡಲಿಲ್ಲ.

ಅವರ ಮನೆಯ ಹಳೆಯ ದೂರು ನಿನಗೆ ಗೊತ್ತಿರುವುದೇ. ಆ ಫ್ರೆಂಚ್ ಹಡಗಿಗೆ ಮೊದಲು ಹತ್ತಿದವನು ನಮ್ಮ ಮೈಲ್ಸ್ ಅಲ್ಲವಂತೆ, ಅವನ ನಾವಿಕರ ಮುಂದಾಳು ಎಜ್ರಾ ಯೂರೆನ್ ಅಂತೆ. ಎಜ್ರಾ ಎರಡು ಬೆರಳು ಕಳೆದುಕೊಂಡು ಹಡಗಿನ ಡೆಕ್ಕನ್ನು ಖಾಲಿ ಮಾಡಿದ ಮೇಲೆ ಲೆಫ್ಟಿನೆಂಟ್ ಸಾಹೇಬರು ಟೋಪಿ ಸರಿಮಾಡಿಕೊಂಡು ಹತ್ತಿದರಂತೆ. ಕತ್ತಿಯ ಮೇಲೆ ಎಜ್ರಾನ ಹೆಸರನ್ನೂ ಹಾಕಿಸುತ್ತೇವೆಂದು ವರ್ತಕರು ಮಾತು ಕೊಟ್ಟಿದ್ದರಂತೆ. ನಮ್ಮ ಮನೆಯಲ್ಲಿ ಇದಕ್ಕೆ ಒಂದೇ ಉತ್ತರ: "ಕತ್ತಿ ಇದೆಯಲ್ಲ, ಬಂದು ಓದ್ಕೊಳ್ಳಿ." ಅವರೂ ಸುಮ್ಮನಿರಲಿಲ್ಲ. ನಾಲ್ಕು ತಲೆಮಾರಿನಿಂದ ಅವರು ಕಟ್ಟಿದ ಒಂದೊಂದು ದೋಣಿಗೂ ಒಂದೇ ಹೆಸರು, 'ಮೊದಲು ಹತ್ತಿದವ'. ಅದನ್ನು ನಮ್ಮ ಮನೆಯ ಕಿಟಕಿಯಿಂದ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ನನ್ನ ಅಪ್ಪ ಬೆಳಗಿನ ಚಹಾ ಕುಡಿಯುವಾಗ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನಾನೂ ಹಾಗೆಯೇ ಕೂರುತ್ತೇನೆ.

ಮದುವೆಗೆ ಎರಡು ವಾರವಿದ್ದಾಗ ಒಂದು ಮಧ್ಯಾಹ್ನ ಥಾಮಸೀನ್ ಗುಡ್ಡ ಹತ್ತಿ ಬಂದಳು. ವಯಸ್ಸು ಎಪ್ಪತ್ತೊಂಬತ್ತು, ಏದುಸಿರು ಬಿಡಲಿಲ್ಲ. ಮುಂಬಾಗಿಲಿಗೆ ಬರದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಗದದ ಪೊಟ್ಟಣವೊಂದನ್ನು ಹಾನರ್ ಕೈಗಿಟ್ಟಳು. ಸಕ್ಕರೆ! ಮೂರು ತಿಂಗಳ ರೇಷನ್ನು, ಒಂದು ಚಮಚವನ್ನೂ ತನ್ನ ಚಹಾಕ್ಕೆ ಹಾಕಿಕೊಳ್ಳದೆ ಕೂಡಿಟ್ಟದ್ದು. ಕೇಕಿನ ಮೇಲಿನ ಲೇಪಕ್ಕೆ ಸಕ್ಕರೆ ಸಾಲದೆ ಹಾನರ್ ಊರೆಲ್ಲ ಕೇಳುತ್ತಿದ್ದಳು. ಅದೂ ಸಿಗದಿದ್ದರೆ ಬಾಡಿಗೆಗೆ ಸಿಗುವ ರಟ್ಟಿನ ಕೇಕನ್ನು ಮೇಲೆ ಮುಚ್ಚುವುದೆಂದು ನಿರ್ಧಾರವಾಗಿತ್ತು. ನೂರೈವತ್ತು ವರ್ಷದ ಕತ್ತಿಯಿಂದ ರಟ್ಟು ಕೊಯ್ಯುವ ಪಾಡು ಬಂತಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ನಾನೇ ಎದ್ದು ಬಾಗಿಲಿಗೆ ಹೋಗಿ ಅವಳಿಗೆ ಥ್ಯಾಂಕ್ಸ್ ಹೇಳಿದೆ. "ಸಕ್ಕರೆ ಹುಡುಗಂದು, ಥ್ಯಾಂಕ್ಸು ನಂಗ್ ಬೇಡ," ಎಂದಳು. "ಆದ್ರೆ ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ ಕಮಾಂಡರ್. ನಾನ್ ಬರ್ತೀನಿ, ಕೂರ್ತೀನಿ, ಹಾಡ್ತೀನಿ. ಆ ಕತ್ತಿ ಸೋಕಿದ ಕೇಕು ಮಾತ್ರ ನನ್ ಬಾಯಿಗ್ ಹೋಗಲ್ಲ." ನೂರೈವತ್ತು ವರ್ಷದ ಹಿಂದಿನ ಮಾತಲ್ಲವೇ, ಇನ್ನಾದರೂ ಮರೆಯಬಾರದೇ ಎಂದು ನಾನು ದೊಡ್ಡ ಮನುಷ್ಯನ ಹಾಗೆ ಕೇಳಿದೆ. "ಹಂಗಾದ್ರೆ ನೀವೂ ಮರ್ತ್‌ಬಿಡಿ, ಚಾಕೂನಲ್ಲಿ ಕತ್ತರಿಸಿ," ಎಂದು ಹೇಳಿ ಇಳಿದು ಹೋದಳು. ಹಾನರ್ ಸಕ್ಕರೆಯ ಪೊಟ್ಟಣದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ನಗುವ ವಿಷಯವಾಗಿರಲಿಲ್ಲ, ನೀನೇ ಹೇಳು. ನಮ್ಮ ಮನೆಯ ಮದುವೆಯಲ್ಲಿ ಬಂದವರೆಲ್ಲ ಆ ಕೇಕಿನ ಒಂದು ಚೂರನ್ನಾದರೂ ಬಾಯಿಗೆ ಹಾಕಿಕೊಳ್ಳಬೇಕು, ಹಾಕಿಕೊಳ್ಳದೆ ಎದ್ದು ಹೋದವರು ಮದುವೆಗೆ ಒಪ್ಪದವರು. ಇದು ಊರಿಗೆಲ್ಲ ಗೊತ್ತು. ಕೆರೆನ್ಸಾ ಅವತ್ತು ಸಂಜೆ ನನ್ನ ಪಕ್ಕದಲ್ಲಿ ಬಂದು ಕೂತಳು. "ತಾತಾ, ಅಪ್ಪ ಹೇಳಿ ಹೋಗಿದಾರೆ, ಕತ್ತಿ ಬೇಡ ಅಂತ ನಾನು ಹೇಳಲ್ಲ. ಆದ್ರೆ ಮದುವೆ ಆದ್ಮೇಲೆ ನಾನು ಅವರ ಅಡುಗೆಮನೇಲಿ ಬದುಕ್ಬೇಕಲ್ವಾ? ಊರವ್ರೆಲ್ಲ ನೋಡ್ತಿರೋವಾಗ ಅಜ್ಜಿ ತಿನ್ದೆ ಎದ್ದು ಹೋದ್ರೆ ನಾನು ಆ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಅಳಲಿಲ್ಲ, ಬರಿದೇ ಕೇಳಿದಳು. ನಿನ್ನ ಆಜ್ಞೆ ಒಂದು ಕಡೆ, ಮಗುವಿನ ಸಂಸಾರ ಒಂದು ಕಡೆ. ಎಲ್ಲ ಸರಿಹೋಗುತ್ತದೆ ಕಣಮ್ಮಾ ಎಂದೆ, ಏನೂ ಮಾಡಲು ತೋಚದ ಮುದುಕರು ಹೇಳುವ ಮಾತು.

ಶನಿವಾರ ಬಿಸಿಲಿತ್ತು. ಊಟ ಏರ್ಪಡಿಸಿದ್ದು ಬಂದರಿನ ಧಕ್ಕೆಯ ಮೇಲಿನ ಹಾಯಿ ಹೊಲಿಯುವ ಅಟ್ಟದಲ್ಲಿ. ನಮ್ಮ ಕಡೆಯವರು ಒಂದು ಗೋಡೆಗೆ, ಅವರ ಕಡೆಯವರು ಇನ್ನೊಂದು ಗೋಡೆಗೆ, ಮಧ್ಯದಲ್ಲಿ ಕೇಕು. ಹಾನರ್ ತನ್ನ ಕೈಲಾದದ್ದನ್ನೆಲ್ಲ ಮಾಡಿದ್ದಳು, ಆದರೆ ಮೊಟ್ಟೆ ಕಡಿಮೆ, ಹಾಲಿನ ಪುಡಿ ಜಾಸ್ತಿ, ಮೇಲಿನ ಲೇಪ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿದಿತ್ತು. ಥಾಮಸೀನ್ ಕಿಟಕಿಯ ಹತ್ತಿರದ ಬೆಂಚಿನಲ್ಲಿ ಕಪ್ಪು ಟೋಪಿ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಕರವಸ್ತ್ರದ ಗಂಟು, ಅದರಲ್ಲಿ ಮನೆಯಿಂದ ತಂದ ಕೇಸರಿ ಬನ್ನು. ಎಲ್ಲರೂ ಕೇಕು ತಿನ್ನುವಾಗ ಅವಳು ಅದನ್ನು ತಿನ್ನುವವಳು! ಆ ಗಂಟನ್ನು ಕಂಡೇ ಕೆರೆನ್ಸಾಳ ಮುಖ ಸಪ್ಪೆಯಾಗಿತ್ತು.

ಕತ್ತಿಯನ್ನು ಒರೆಯಿಂದ ತೆಗೆದು ನಾನೇ ಅವಳ ಕೈಗೆ ಕೊಟ್ಟೆ. ಅವಳೂ ಜೇಗೊನೂ ಕೈಮೇಲೆ ಕೈ ಇಟ್ಟು ಕತ್ತರಿಸಿದರು, ಎಲ್ಲರೂ ಚಪ್ಪಾಳೆ ಹೊಡೆದರು, ಅಲಗಿನ ಎರಡೂ ಬದಿಗೆ ಲೇಪ ಮೆತ್ತಿಕೊಂಡಿತು. ಕತ್ತರಿಸಿದ ಮೇಲೆ ಕತ್ತಿಯನ್ನು ಮನೆಯ ಹಿರಿಯನಿಗೆ ಒಪ್ಪಿಸುವುದು, ಅವನು ಒರೆಸಿ ಒರೆಗೆ ಹಾಕುವುದು ನಮ್ಮ ಪದ್ಧತಿ. ನಾನು ಕೈಚಾಚಿದೆ. ನಿನ್ನ ಮಗಳು ನನ್ನ ಮುಂದಿನಿಂದಲೇ ನಡೆದುಹೋಗಿ, ಕತ್ತಿಯನ್ನು ಥಾಮಸೀನಳ ಮಡಿಲಲ್ಲಿ ಬನ್ನಿನ ಗಂಟಿನ ಪಕ್ಕ ಇಟ್ಟು, "ಅಜ್ಜಿ, ನಮ್ಮ ಮನೆಗೂ ಈಗ ನೀವೇ ಹಿರಿಯರು. ಒರೆಸ್ಕೊಡಿ," ಎಂದಳು. ನನಗೆ ಸಿಟ್ಟು ಬಂತು, ಇಲ್ಲವೆನ್ನುವುದಿಲ್ಲ. ಥಾಮಸೀನಳಿಗೂ ಬಂತು. ಆದರೆ ಅರವತ್ತು ವರ್ಷ ಮನೆ ನಡೆಸಿದ ಹೆಂಗಸಿನ ಮಡಿಲಲ್ಲಿ ಅಂಟು ಮೆತ್ತಿದ ಅಲಗು ಬಿದ್ದಿದ್ದರೆ ಅವಳ ಕೈ ಎಷ್ಟು ಹೊತ್ತು ಸುಮ್ಮನಿದ್ದೀತು? "ಒಳ್ಳೆ ಹುಡುಗಿ ತಂದಿದೀಯ ಕಣೋ ಜೇಗೊ," ಎಂದು ಗೊಣಗಿ, ಗಂಟು ಬಿಚ್ಚಿ, ಬನ್ನನ್ನು ಪಕ್ಕಕ್ಕಿಟ್ಟು, ಕರವಸ್ತ್ರದ ತುದಿಯನ್ನು ಚಹಾದಲ್ಲಿ ಅದ್ದಿ ಒರೆಸತೊಡಗಿದಳು. ಬಣ್ಣದ ಬದಿ ಒರೆಸಿದಳು. ತಿರುಗಿಸಿದಳು. ಬೆಳ್ಳಗಿನ ಬದಿ ಒರೆಸಿದಳು. ಆಮೇಲೆ ಕೈ ನಿಂತಿತು.

"ಇದೇನಿದು, ಹೋಗ್ತಾನೇ ಇಲ್ಲ," ಎಂದಳು. ಕೆರೆನ್ಸಾ ಬಗ್ಗಿ ನೋಡಿದಳು. ಹೊಳೆಯುವ ಉಕ್ಕಿನ ಮೇಲೆ, ನಾವು ಅಷ್ಟು ವರ್ಷ ಉಜ್ಜಿ ಕನ್ನಡಿ ಮಾಡಿದ ಆ ಜಾಗದಲ್ಲಿ, ಕೂದಲೆಳೆಯಷ್ಟು ತೆಳ್ಳಗೆ ಬಿಳಿ ಗೆರೆಗಳು ನಿಂತಿದ್ದವು. ಚಿನ್ನದ ನೀರು ಕುಡಿಸುವ ಮೊದಲು ಅಕ್ಷರಗಳನ್ನು ಕೊರೆದಿರುತ್ತಾರಲ್ಲ, ಚಿನ್ನ ಹೋಗಿ ಕೊರೆದದ್ದು ಮಾತ್ರ ಒಂದಿಷ್ಟು ಉಳಿದಿತ್ತು. ಕಣ್ಣಿಗೆ ಕಾಣದಷ್ಟು ಸವೆದ ಆ ಗೀರುಗಳಲ್ಲಿ ಸಕ್ಕರೆ ಕೂತಿತ್ತು. ಕೆರೆನ್ಸಾ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಮೊದಲ ಪದ ಹೋಗಿಬಿಟ್ಟಿತ್ತು. ಆಮೇಲೆ 'ಎಜ್ರಾ ಯೂರೆನ್'. ಅದರ ಕೆಳಗೆ 'ಮೊದಲು ಹತ್ತಿದವ'. ಕಿಟಕಿಯ ಹೊರಗೆ, ಧಕ್ಕೆಗೆ ಕಟ್ಟಿದ ಜೇಗೊನ ದೋಣಿಯ ಮೇಲೆ ಅವೇ ಪದಗಳು, ಬಿಳಿ ಬಣ್ಣದಲ್ಲಿ. ಅಟ್ಟದಲ್ಲಿದ್ದವರೆಲ್ಲ ಒಮ್ಮೆ ಅಲಗನ್ನು ನೋಡಿದರು, ಒಮ್ಮೆ ದೋಣಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಥಾಮಸೀನ್ ಕೂಗಾಡುತ್ತಾಳೆಂದುಕೊಂಡೆ. ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಏನಾದರೂ ಅಂದಿರುತ್ತಿದ್ದೆ. ಥಾಮಸೀನ್ ಆ ಗೆರೆಗಳ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದಳು, ಸಕ್ಕರೆ ಅಳಿಸದ ಹಾಗೆ. "ಒಂದ್ ಚೂರು ಕೊಡೇ ಹುಡ್ಗಿ," ಎಂದಳು. ಕೆರೆನ್ಸಾ ತಟ್ಟೆ ತಂದಳು. "ಆ ಕಡೇದಲ್ಲ, ಕತ್ತಿ ಸೋಕಿದ ಕಡೇದು." ಎಲ್ಲರೆದುರು ಪೂರ್ತಿ ತಿಂದಳು, ಕೈಗೆ ಉದುರಿದ ಪುಡಿಯನ್ನೂ ಬಾಯಿಗೆ ಹಾಕಿಕೊಂಡಳು. ನಿನ್ನ ಮಗಳು ಅವಳ ಕೊರಳಿಗೆ ಬಿದ್ದು ಅತ್ತಳು. ನಿನ್ನ ಹೆಂಡತಿಯೂ ಅತ್ತಳು. ಅದು ಹನ್ನೊಂದು ಪುಟದಲ್ಲಿ ಬಂದಿರಬೇಕು, ಯಾಕೆ ಅತ್ತದ್ದು ಎಂಬುದನ್ನು ಬಿಟ್ಟು. ಆಮೇಲೆ ಥಾಮಸೀನ್ ಎದ್ದು ಬಂದು, ಕತ್ತಿಯ ಹಿಡಿಯನ್ನು ನನ್ನ ಕಡೆಗೆ ಮಾಡಿ ಚಾಚಿದಳು. "ಒರೆಸಿದೀನಿ ಕಮಾಂಡರ್. ತಗೊಳ್ಳಿ." ಅಷ್ಟೇ.

ಆಗ ನಾನು ಏನು ಹೇಳಬೇಕಾಗಿತ್ತು ಎಂದು ಎಂಟು ದಿನದಿಂದ ಯೋಚಿಸುತ್ತಿದ್ದೇನೆ. ಹತ್ತಾರು ಒಳ್ಳೆಯ ಮಾತು ಹೊಳೆದಿವೆ. ಆಗ ಹೊಳೆದದ್ದು ಒಂದೇ, "ನೋಡೋಣ, ತಿಳಿದವರ ಹತ್ತಿರ ಪರೀಕ್ಷೆ ಮಾಡಿಸೋಣ." ಹೌದು ಕಣೋ, ಹಾಗೆಯೇ ಅಂದೆ, ಹಡಗಿನ ಕಚೇರಿಯಲ್ಲಿ ಕೂತು ರಜೆಯ ಅರ್ಜಿಗೆ ಉತ್ತರ ಕೊಡುವವನ ಹಾಗೆ. ಕತ್ತಿಯನ್ನು ಒರೆಗೆ ಹಾಕಿ, ಗುಡ್ಡ ಹತ್ತಿ, ಒರೆಯಿಂದ ತೆಗೆದು ಕೊಕ್ಕೆಗೆ ತೂಗುಹಾಕಿದೆ. ಬಣ್ಣದ ಬದಿ ಕೋಣೆಯ ಕಡೆಗೆ. ಮಧುಚಂದ್ರ ಮುಗಿಸಿ ಫಾಲ್ಮತ್‌ನಿಂದ ಸೋಮವಾರ ಮರಳಿದ್ದ ಕೆರೆನ್ಸಾ, ಬುಧವಾರ ತನ್ನ ಪೆಟ್ಟಿಗೆ ಒಯ್ಯಲು ಮೇಲೆ ಬಂದಿದ್ದಳು. ಬಾಗಿಲಲ್ಲಿ ನಿಂತು ಗೋಡೆ ನೋಡಿದಳು. "ಇನ್ನೂ ಇಲ್ಲೇ ಇದೆಯಾ ತಾತಾ?" ಎಂದಳು, ಬಹಳ ಮೆತ್ತಗೆ. ಅಜ್ಜಿಯೂ ತಾನೂ ಚೆನ್ನಾಗಿದ್ದೇವೆ, ಮೀನಿನ ಕಡುಬು ಮಾಡುವುದನ್ನು ಕಲಿಸುತ್ತಿದ್ದಾಳೆ ಎಂದೆಲ್ಲ ಹೇಳಿದಳು. ಇವತ್ತು ಭಾನುವಾರದ ಊಟಕ್ಕೆ ಬರುವೆನೆಂದವಳು ಬರಲಿಲ್ಲ. ಹಾನರ್ ಅವಳ ತಟ್ಟೆಯನ್ನು ಹಾಕಿಯೇ ಇದ್ದಳು, ನಾವು ಉಂಡೆದ್ದ ಮೇಲೆ ತೆಗೆದಿಟ್ಟಳು.

ಯಾರೂ ಬೇಕೆಂದು ಮಾಡಿದ್ದಲ್ಲ ಎಂದೇ ನನ್ನ ನಂಬಿಕೆ, ಪಿಯರ್ಸ್. ನೌಕಾಪಡೆಯವರ ಕೈ ನಿನಗೆ ಗೊತ್ತಲ್ಲ, ಹೊಳೆಯುವುದೇನಾದರೂ ಕಂಡರೆ ಇನ್ನಷ್ಟು ಹೊಳೆಯಿಸದೆ ಬಿಡುವುದಿಲ್ಲ. ಯಾವನೋ ಒಬ್ಬ ಮುತ್ತಾತ ಶಿಸ್ತಿನ ಭರದಲ್ಲಿ ಆ ಬದಿಯನ್ನು ಉಜ್ಜಿರಬೇಕು, ಬಣ್ಣ ಹೋಗಿರಬೇಕು, ಅರ್ಧ ಬಣ್ಣ ಅರ್ಧ ಉಕ್ಕು ನೋಡಲು ಅಸಹ್ಯವೆಂದು ಪೂರ್ತಿ ಉಜ್ಜಿರಬೇಕು. ಆಮೇಲಿನವರು ಏನೂ ತಿಳಿಯದೆ ಮುಂದುವರಿಸಿದ್ದೇವೆ. ನೀನು ಹತ್ತು ವರ್ಷದವನಾಗಿದ್ದಾಗ ಈ ಮೇಜಿನ ಮೇಲೆಯೇ ನಾಲಿಗೆ ಹೊರಗೆ ಚಾಚಿಕೊಂಡು ಉಜ್ಜುತ್ತಿದ್ದದ್ದು ನನ್ನ ಕಣ್ಣಮುಂದಿದೆ. ಏನೇ ಇರಲಿ, ಆ ಬದಿ ನಮ್ಮದಲ್ಲ. ಅರ್ಧ ಕತ್ತಿಯನ್ನು ಕೊಟ್ಟು ಅರ್ಧವನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಹೆಚ್ಚುಕಡಿಮೆ ಒಂದೂವರೆ ಶತಮಾನ ನಮ್ಮ ಗೋಡೆಯ ಮೇಲಿತ್ತು, ಇನ್ನು ಸ್ವಲ್ಪ ಕಾಲ ಅವರ ಗೋಡೆಯ ಮೇಲಿರಲಿ ಎಂದು ನನಗನ್ನಿಸುತ್ತದೆ. ಆದರೆ ಕತ್ತಿ ನನ್ನದಲ್ಲ, ನನ್ನ ನಂತರ ನಿನ್ನದು, ನಿನಗೆ ಮಾತು ಕೊಟ್ಟಿದ್ದೇನೆ. ನೀನು ಬಂದಾಗ ಕೊಕ್ಕೆ ಖಾಲಿಯಿದ್ದರೆ ನಿನ್ನ ಮುಖ ಹೇಗಾಗುತ್ತದೆಂದು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ಟೋಬಿ ಹೋದ ಮೇಲೆ ನಿನ್ನ ಮನಸ್ಸು ನೋಯಿಸುವ ಕೆಲಸ ಯಾವುದನ್ನೂ ಮಾಡಬಾರದೆಂದುಕೊಂಡಿದ್ದೆ. ಅದಕ್ಕೇ ಕೇಳುತ್ತಿದ್ದೇನೆ. ಕೊಡಬಹುದೆಂದರೆ ಎರಡು ಸಾಲು ಬರೆ. ಬೇಡವೆಂದರೂ ಬರೆ. ನಿನ್ನ ಉತ್ತರ ಬರುವ ತನಕ, ಎರಡು ತಿಂಗಳಾಗಲಿ, ಕಾಯುತ್ತೇನೆ.

ಜೋಪಾನ ಮಗನೇ. ಡೆಕ್ಕಿನ ಮೇಲೆ ಮಂಜುಗಟ್ಟಿದಾಗ ಓಡಾಡಬೇಡ, ನಿನ್ನ ಹುಡುಗರಿಗೂ ಹೇಳು. ನಿನ್ನ ಅಮ್ಮ ಇದ್ದಿದ್ದರೆ ಏನು ಹರಸುತ್ತಿದ್ದಳೋ ಅದೆಲ್ಲ ನಿನಗಿರಲಿ, ನನ್ನ ಪಾಲಿನದೂ ಅದರ ಜೊತೆಗೆ. ಹಾನರ್ ಕಾಲುಚೀಲ ಹೆಣೆಯುತ್ತಿದ್ದಾಳೆ, ಎರಡೂ ಒಂದೇ ಅಳತೆಯವು ಆಗುತ್ತವೆಂದು ಭರವಸೆ ಕೊಡಲಾರೆ.

ನಿನ್ನ ಪ್ರೀತಿಯ ಅಪ್ಪ,
ಡಿಗೊರಿ ಕಾರ್ಲಿಯನ್

ತಾ.ಕ. ಮಂಗಳವಾರ, ಬೆಳಿಗ್ಗೆ. ಅಂಚೆಯವ ಹನ್ನೊಂದಕ್ಕೆ ಬರುತ್ತಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಮೇಲೆ ಕಾಯುತ್ತೇನೆಂದು ಬರೆದಿದ್ದೇನಲ್ಲ, ಕಾಯಲಿಲ್ಲ. ನಿನ್ನೆ ಕತ್ತಿಯನ್ನು ಹಳೆಯ ಮಳೆಕೋಟಿನಲ್ಲಿ ಸುತ್ತಿಕೊಂಡು ಗುಡ್ಡ ಇಳಿದು ಯೂರೆನ್ ಮನೆಗೆ ಕೊಟ್ಟುಬಂದೆ. ಕೊಕ್ಕೆ ಖಾಲಿಯಿದೆ. ಬೈಯುವುದಾದರೆ ನನ್ನೊಬ್ಬನನ್ನೇ ಬೈ, ಹಾನರ್‌ಗೆ ಗೊತ್ತಿರಲಿಲ್ಲ. ಯಾಕೆ ಕಾಯಲಿಲ್ಲವೆಂದರೆ, ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ, ಅದನ್ನಿಟ್ಟುಕೊಂಡು ಲಕೋಟೆ ಅಂಟಿಸಲು ಕೈ ಬರಲಿಲ್ಲ. ಏನೂ ತಿಳಿಯದೆ ಉಜ್ಜಿದೆವು ಎಂದಿದ್ದೇನೆ. ನೀನು ತಿಳಿಯದೆ ಉಜ್ಜಿದೆ. ನಾನಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ಮೊದಲ ಸಲ ಆ ಕತ್ತಿ ನನ್ನ ಕೈಗೆ ಬಂದ ದಿನ, ಬೆಳ್ಳಗಿನ ಬದಿಯಲ್ಲಿ ನನ್ನ ಉಗುರಿಗೆ ಗೀರು ಸಿಕ್ಕಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. "ತಾತಾ, ಇಲ್ಲೇನೋ ಹೆಸರಿದೆ," ಎಂದೆ. ತಾತ ಕತ್ತಿಯತ್ತ ನೋಡಲಿಲ್ಲ, ಪೈಪಿಗೆ ತಂಬಾಕು ತುಂಬುತ್ತಲೇ, "ಗೀರು ಅದು. ಹೋಗೋ ತನಕ ಉಜ್ಜು," ಎಂದರು. ನಾನು ಉಜ್ಜಿದೆ. ಉಗುರಿಗೆ ಏನೂ ಸಿಗದಿರುವ ತನಕ ಉಜ್ಜಿದೆ, ಶಾಭಾಸ್ ಎನ್ನಿಸಿಕೊಂಡೆ. ಇದನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಥಾಮಸೀನಳಿಗೆ ನಿನ್ನೆ ಅವಳ ಅಡುಗೆಮನೆಯಲ್ಲಿ ನಿಂತೇ ಹೇಳಿದೆ, ಕೆರೆನ್ಸಾ ಒಲೆಯ ಹತ್ತಿರ ಕೇಳಿಸಿಕೊಳ್ಳುತ್ತಿದ್ದಳು. ಥಾಮಸೀನ್ ಮೀನು ಹೆರೆಯುವುದನ್ನು ನಿಲ್ಲಿಸಲಿಲ್ಲ. "ಎಷ್ಟ್ ವರ್ಷ ಆಯ್ತು?" ಎಂದು ಕೇಳಿದಳು. ಅರವತ್ತೆರಡು ಎಂದೆ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ತನ್ನ ಕುರ್ಚಿಯನ್ನೇ ನನ್ನ ಕಡೆಗೆ ಎಳೆದಳು. "ಅಷ್ಟ್ ದಿನ ಇದನ್ನ ಹೊಟ್ಟೇಲಿಟ್ಕೊಂಡು ಈ ಗುಡ್ಡ ಹತ್ತಿ ಇಳ್ದಿದೀಯಲ್ಲ, ಮಂಡಿ ನೋಯ್ದೆ ಇನ್ನೇನಾಗತ್ತೆ? ಕೂತ್ಕೋ ನನ್ ರಾಜಾ, ಚಾ ಆರ್ತಿದೆ." ನಾನು ಕೂತೆ ಕಣೋ, ಪಿಯರ್ಸ್.